ಬಯಾಪ್ಸಿ ಇಲ್ಲದೆ ಯಕೃತ್ತಿನ ಕೊಬ್ಬನ್ನು ಅಳೆಯುವ ಬಗೆ

ಹೊಟ್ಟೆನೋವಿಗೋ ವಾರ್ಷಿಕ ತಪಾಸಣೆಗೋ ಮಾಡಿಸಿದ ಸ್ಕ್ಯಾನಿಂಗ್ ವರದಿಯ ಕೊನೆಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲು ಕಂಡಾಗ ಹೆಚ್ಚಿನವರು ಎರಡರಲ್ಲೊಂದು ಮಾಡುತ್ತಾರೆ. ಈಗ ಎಲ್ಲರಿಗೂ ಇರುವುದೇ ಎಂದು ವರದಿಯನ್ನು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಇಲ್ಲವೇ ಆರು ತಿಂಗಳ ನಂತರ ಬೇರೊಂದು ಕಡೆ ಬೇರೊಂದು ಪರೀಕ್ಷೆ ಮಾಡಿಸಿ, ಅಲ್ಲಿ ಬಂದ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ಕೊಬ್ಬು ಏರಿತೋ ಇಳಿಯಿತೋ ಎಂದು ಲೆಕ್ಕ ಹಾಕುತ್ತಾರೆ. ಎರಡನೆಯದು ಮೊದಲನೆಯದರಷ್ಟೇ ದಾರಿ ತಪ್ಪಿಸುತ್ತದೆ. ಒಂದು ವಿಧಾನ ಪ್ರತಿಧ್ವನಿಯ ಹೊಳಪನ್ನು ನೋಡುತ್ತದೆ, ಇನ್ನೊಂದು ಶಬ್ದದ ಅಲೆ ಎಷ್ಟು ಕ್ಷೀಣಿಸಿತು ಎಂಬುದನ್ನು, ಮತ್ತೊಂದು ಎಕ್ಸ್-ರೇ ಎಷ್ಟು ಹೀರಲ್ಪಟ್ಟಿತು ಎಂಬುದನ್ನು, ಮಗದೊಂದು ಕೊಬ್ಬಿನ ಮತ್ತು ನೀರಿನ ಪ್ರೋಟಾನುಗಳ ಪಾಲನ್ನು. ಇವುಗಳಲ್ಲಿ ಒಂದರ ಅಂಕಿಯನ್ನು ಇನ್ನೊಂದರ ಅಂಕಿಗೆ ಹೋಲಿಸುವುದೆಂದರೆ ಸೇರಿನಲ್ಲಿ ಅಳೆದದ್ದನ್ನು ಮೊಳದಲ್ಲಿ ಅಳೆದದ್ದಕ್ಕೆ ಹೋಲಿಸಿದಂತೆ. ಯಾವ ಪ್ರಶ್ನೆಗೆ ಯಾವ ಅಳತೆ, ಅದನ್ನು ಸರಿಯಾಗಿ ಮಾಡಿಸಿಕೊಳ್ಳುವುದು ಹೇಗೆ, ಬಂದ ಅಂಕಿಯನ್ನು ಓದುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ. ಚಿಕಿತ್ಸೆಯ ನಿರ್ಧಾರ ನಿಮ್ಮ ವೈದ್ಯರದು. ಅವರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾಗಬಹುದು.

ಮೊದಲು ಒಂದು ವ್ಯಾಖ್ಯೆ ಬೇಕು. ಸೂಜಿಯಿಂದ ತೆಗೆದ ಯಕೃತ್ತಿನ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ, ನೂರರಲ್ಲಿ ಐದಕ್ಕಿಂತ ಹೆಚ್ಚು ಯಕೃತ್ ಕೋಶಗಳಲ್ಲಿ ಕೊಬ್ಬಿನ ಹನಿಗಳು ಕಂಡರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ಮೂರನೇ ಒಂದು ಭಾಗದವರೆಗಿನ ಕೋಶಗಳಲ್ಲಿದ್ದರೆ ಮೊದಲ ದರ್ಜೆ, ಮೂರನೇ ಎರಡು ಭಾಗದವರೆಗೆ ಎರಡನೆಯದು, ಅದಕ್ಕೂ ಮೇಲಾದರೆ ಮೂರನೆಯದು. ಆದರೆ ಸೂಜಿಗೆ ಸಿಗುವುದು ಯಕೃತ್ತಿನ ಸುಮಾರು ಐವತ್ತು ಸಾವಿರದ ಒಂದು ಪಾಲು ಮಾತ್ರ. ಕೊಬ್ಬು ಎಲ್ಲೆಡೆ ಒಂದೇ ಸಮನಾಗಿ ಹರಡಿರುವುದಿಲ್ಲ. ನೋವು ಮತ್ತು ರಕ್ತಸ್ರಾವದ ಅಪಾಯವೂ ಉಂಟು. ಬರಿಯ ಕೊಬ್ಬಿನ ಪ್ರಮಾಣ ತಿಳಿಯಲು ಯಾರಿಗೂ ಬಯಾಪ್ಸಿ ಮಾಡಬೇಕಾಗಿಲ್ಲ ಎಂಬುದು ಇಂದಿನ ರೂಢಿ, ಮತ್ತು ಅದು ಸರಿಯಾದ ರೂಢಿ.

ಟೇಪು ಮತ್ತು ರಕ್ತಪರೀಕ್ಷೆಯ ಚೀಟಿ

ಅಗ್ಗದ ಅಳತೆಯಿಂದ ಆರಂಭಿಸುವುದು ಒಳ್ಳೆಯದು. ಸೊಂಟದ ಸುತ್ತಳತೆಯನ್ನು ಹೊಕ್ಕುಳಿನ ಮೇಲೆ ಅಂದಾಜಿನಿಂದ ತೆಗೆಯಬಾರದು. ಪಕ್ಕದಲ್ಲಿ ಕೊನೆಯ ಪಕ್ಕೆಲುಬಿನ ಅಂಚು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡನ್ನೂ ಬೆರಳಿನಿಂದ ಗುರುತಿಸಿ, ನಡುವಿನ ಮಟ್ಟದಲ್ಲಿ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ಸೀರೆಯ ನೆರಿಗೆಯ ಮೇಲೋ ಪ್ಯಾಂಟಿನ ಬೆಲ್ಟಿನ ಮೇಲೋ ಟೇಪು ಹಾಯಿಸಿದರೆ ಮೂರ್ನಾಲ್ಕು ಸೆಂಟಿಮೀಟರ್ ಸುಲಭವಾಗಿ ಹೆಚ್ಚಾಗುತ್ತದೆ. ಭಾರತೀಯರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮಿತಿ. ದೇಹತೂಕ ಸೂಚಿ, ಅಂದರೆ ಬಿಎಂಐ, 23 ದಾಟಿದರೆ ನಮ್ಮಲ್ಲಿ ತೂಕ ಹೆಚ್ಚೆಂದೇ ಲೆಕ್ಕ. 2021ರಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ ಮೇಲೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿಯೂ ಈ ಟೇಪಿಗೆ ಬೆಲೆ ಬಂದಿದೆ.

ರಕ್ತಪರೀಕ್ಷೆಯ ಅಂಕಿಗಳಿಂದ ಕೊಬ್ಬನ್ನು ಊಹಿಸುವ ಸೂತ್ರಗಳಲ್ಲಿ ಎರಡು ಹೆಚ್ಚು ಬಳಕೆಯಲ್ಲಿವೆ. 2006ರಲ್ಲಿ ಇಟಲಿಯಿಂದ ಬಂದ ‘ಫ್ಯಾಟಿ ಲಿವರ್ ಇಂಡೆಕ್ಸ್’ ಬಿಎಂಐ, ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್ ಮತ್ತು ಯಕೃತ್ತಿನ ಕಿಣ್ವವಾದ ಜಿಜಿಟಿ ಎಂಬ ನಾಲ್ಕನ್ನು ಸೇರಿಸುತ್ತದೆ. 30ಕ್ಕಿಂತ ಕಡಿಮೆ ಬಂದರೆ ಕೊಬ್ಬು ಇರುವ ಸಾಧ್ಯತೆ ಕಡಿಮೆ, 60 ಅಥವಾ ಹೆಚ್ಚು ಬಂದರೆ ಇರುವ ಸಾಧ್ಯತೆ ಹೆಚ್ಚು. ಇದರ ಲೆಕ್ಕಕ್ಕೆ ಲಾಗರಿದಮ್ ಬೇಕಾಗುವುದರಿಂದ ಮೊಬೈಲಿನ ಕ್ಯಾಲ್ಕುಲೇಟರನ್ನೇ ನಂಬಬೇಕು. ಇನ್ನೊಂದು, 2010ರಲ್ಲಿ ದಕ್ಷಿಣ ಕೊರಿಯಾದಿಂದ ಬಂದ ‘ಹೆಪಾಟಿಕ್ ಸ್ಟಿಯಟೋಸಿಸ್ ಇಂಡೆಕ್ಸ್’. ಇದನ್ನು ಚೀಟಿಯ ಹಿಂಬದಿಯಲ್ಲೇ ಮಾಡಬಹುದು. ಚೀಟಿಯಲ್ಲಿರುವ ಯಕೃತ್ತಿನ ಇನ್ನೆರಡು ಕಿಣ್ವಗಳ ಪೈಕಿ ಎಸ್‌ಜಿಪಿಟಿಯನ್ನು ಎಸ್‌ಜಿಒಟಿಯಿಂದ ಭಾಗಿಸಿ, ಎಂಟರಿಂದ ಗುಣಿಸಿ, ಬಿಎಂಐ ಕೂಡಿಸಿ, ಹೆಂಗಸಾದರೆ ಎರಡು, ಸಕ್ಕರೆ ಕಾಯಿಲೆ ಇದ್ದರೆ ಇನ್ನೆರಡು ಸೇರಿಸಬೇಕು.

ಒಂದು ಉದಾಹರಣೆ ಕಟ್ಟೋಣ. 45 ವರ್ಷದ ಗಂಡಸು, ಎತ್ತರ 168 ಸೆಂಟಿಮೀಟರ್, ತೂಕ 74 ಕಿಲೋ, ಸಕ್ಕರೆ ಕಾಯಿಲೆ ಇದೆ, ಎಸ್‌ಜಿಪಿಟಿ 62, ಎಸ್‌ಜಿಒಟಿ 40. ತೂಕವನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದರೆ ಬಿಎಂಐ 26.2. 62ನ್ನು 40ರಿಂದ ಭಾಗಿಸಿ ಎಂಟರಿಂದ ಗುಣಿಸಿದರೆ 12.4. ಎಲ್ಲ ಸೇರಿ 12.4, 26.2 ಮತ್ತು 2, ಒಟ್ಟು 40.6. ಈ ಸೂತ್ರದಲ್ಲಿ 30ಕ್ಕಿಂತ ಕೆಳಗೆ ಬಂದರೆ ಕೊಬ್ಬಿಲ್ಲವೆಂದೂ 36ಕ್ಕಿಂತ ಮೇಲೆ ಬಂದರೆ ಇದೆಯೆಂದೂ ತಿಳಿಯುವುದರಿಂದ ಇವರ ಯಕೃತ್ತಿನಲ್ಲಿ ಕೊಬ್ಬು ಇರುವುದು ಬಹುಮಟ್ಟಿಗೆ ಖಚಿತ. ಆದರೆ ಎಷ್ಟು ಎಂಬುದು ಇದರಿಂದ ತಿಳಿಯದು. ಎರಡೂ ಸೂತ್ರಗಳಲ್ಲಿ ಬಿಎಂಐ ದೊಡ್ಡ ಪಾಲು ಪಡೆಯುವುದರಿಂದ, ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ನಮ್ಮ ಕಡೆಯ ಮೈಕಟ್ಟಿನವರಲ್ಲಿ ಅವು ಕೊಬ್ಬನ್ನು ಕಾಣದೇ ಹೋಗಬಹುದು. ಇನ್ನೊಂದು ತಪ್ಪು ತಿಳಿವಳಿಕೆ ಎಸ್‌ಜಿಪಿಟಿಯ ಕುರಿತದ್ದು: ಅದು ಮಿತಿಯೊಳಗೆ ಇದೆಯೆಂದ ಮಾತ್ರಕ್ಕೆ ಯಕೃತ್ತಿನಲ್ಲಿ ಕೊಬ್ಬಿಲ್ಲವೆಂದಲ್ಲ, ಫ್ಯಾಟಿ ಲಿವರ್ ಇರುವ ಅನೇಕರಲ್ಲಿ ಅದು ಸಹಜವಾಗಿಯೇ ಇರುತ್ತದೆ.

ಸ್ಕ್ಯಾನಿಂಗಿನ ‘ಗ್ರೇಡ್’ ಎಂದರೇನು

ಅಲ್ಟ್ರಾಸೌಂಡಿನಲ್ಲಿ ರೇಡಿಯಾಲಜಿಸ್ಟರು ಯಕೃತ್ತನ್ನೂ ಅದರ ಕೆಳಗೆ ಕಾಣುವ ಬಲ ಮೂತ್ರಪಿಂಡದ ಹೊರಪದರವನ್ನೂ ಒಂದೇ ಚಿತ್ರದಲ್ಲಿ ಹಿಡಿಯುತ್ತಾರೆ. ಸಹಜವಾಗಿ ಎರಡರ ಬೂದುಬಣ್ಣ ಹೆಚ್ಚುಕಡಿಮೆ ಒಂದೇ. ಕೊಬ್ಬಿನ ಹನಿಗಳು ಶಬ್ದದ ಅಲೆಗಳನ್ನು ಹೆಚ್ಚು ಚದುರಿಸುವುದರಿಂದ ಯಕೃತ್ತು ಬೆಳ್ಳಗೆ ಹೊಳೆಯತೊಡಗುತ್ತದೆ. ಹೊಳಪು ಸ್ವಲ್ಪ ಹೆಚ್ಚಿದ್ದು ಒಳಗಿನ ರಕ್ತನಾಳಗಳ ಗೋಡೆ ಸ್ಪಷ್ಟವಾಗಿ ಕಂಡರೆ ಗ್ರೇಡ್ 1. ಆ ಗೋಡೆಗಳ ಗೆರೆ ಮಸುಕಾದರೆ ಗ್ರೇಡ್ 2. ಅಲೆಗಳು ಆಳಕ್ಕೆ ಇಳಿಯಲಾರದೆ ಯಕೃತ್ತಿನ ಹಿಂಭಾಗವೂ ವಪೆಯ (ಡಯಾಫ್ರಮ್) ಗೆರೆಯೂ ಮರೆಯಾದರೆ ಗ್ರೇಡ್ 3. ಇದು ಕಣ್ಣಿನ ತೀರ್ಪು, ಅಳತೆಯಲ್ಲ. ಯಂತ್ರದ ಗೇನ್ ಗುಂಡಿಯನ್ನು ಸ್ವಲ್ಪ ತಿರುವಿದರೂ ಚಿತ್ರದ ಹೊಳಪು ಬದಲಾಗುತ್ತದೆ. ಮೂತ್ರಪಿಂಡವೇ ಕಾಯಿಲೆಯಿಂದ ಬೆಳ್ಳಗಾಗಿದ್ದರೆ ಹೋಲಿಕೆಯ ಆಧಾರವೇ ಕುಸಿಯುತ್ತದೆ. ಒಬ್ಬರು ಒಂದೆಂದದ್ದನ್ನು ಇನ್ನೊಬ್ಬರು ಎರಡೆನ್ನುವುದು ಅಪರೂಪವೇನಲ್ಲ. ಆದ್ದರಿಂದ ‘ಗ್ರೇಡ್ ಎರಡರಿಂದ ಒಂದಕ್ಕೆ ಇಳಿಯಿತು’ ಎಂಬ ಸಂಭ್ರಮವನ್ನಾಗಲಿ, ತದ್ವಿರುದ್ಧದ ಗಾಬರಿಯನ್ನಾಗಲಿ ಈ ಒಂದೇ ಸಾಲಿನ ಮೇಲೆ ಕಟ್ಟಬಾರದು.

ಕೋಶಗಳಲ್ಲಿ ಕೊಬ್ಬು ಶೇಕಡಾ 20ರಿಂದ 30ರಷ್ಟು ತಲುಪಿದ ಮೇಲೆ ಅಲ್ಟ್ರಾಸೌಂಡ್ ಅದನ್ನು ಚೆನ್ನಾಗಿಯೇ ಹಿಡಿಯುತ್ತದೆ; ಅದಕ್ಕಿಂತ ಕಡಿಮೆಯಿದ್ದಾಗ ಮತ್ತು ಮೈ ತುಂಬ ದಪ್ಪಗಿದ್ದಾಗ ತಪ್ಪುವ ಸಂಭವ ಹೆಚ್ಚು. ಪರೀಕ್ಷೆಗೆ ಆರರಿಂದ ಎಂಟು ಗಂಟೆ ಉಪವಾಸವಿರಿ ಎನ್ನುವುದು ಯಕೃತ್ತಿಗಾಗಿ ಅಲ್ಲ, ಪಿತ್ತಕೋಶ ತುಂಬಿರಲಿ ಮತ್ತು ಕರುಳಿನ ಗಾಳಿ ಅಡ್ಡಬಾರದಿರಲಿ ಎಂದು.

ಫೈಬ್ರೋಸ್ಕ್ಯಾನ್ ಮತ್ತು ‘ಕ್ಯಾಪ್’ ಅಂಕಿ

ಸಾಮಾನ್ಯ ರೋಗಿಗೆ ಕೈಗೆಟುಕುವ, ಅಂಕಿಯನ್ನೇ ಕೊಡುವ ಅಳತೆ ಇದು. ಫ್ರಾನ್ಸಿನ ಎಕೋಸೆನ್ಸ್ ಸಂಸ್ಥೆಯ ಫೈಬ್ರೋಸ್ಕ್ಯಾನ್ ಯಂತ್ರ ಮೊದಲು ಬಂದದ್ದು ಯಕೃತ್ತಿನ ಗಡಸುತನ ಅಳೆಯಲು. ಕೊಬ್ಬನ್ನು ಅಳೆಯುವ ಕ್ಯಾಪ್ ಎಂಬ ಲೆಕ್ಕಾಚಾರ 2010ರ ಸುಮಾರಿಗೆ ಅದಕ್ಕೆ ಸೇರಿತು. 3.5 ಮೆಗಾಹರ್ಟ್ಸ್ ಶಬ್ದದ ಅಲೆ ಯಕೃತ್ತಿನೊಳಗೆ ಸಾಗುವಾಗ ಪ್ರತಿ ಮೀಟರಿಗೆ ಎಷ್ಟು ಡೆಸಿಬಲ್ ಕ್ಷೀಣಿಸುತ್ತದೆ ಎಂಬುದೇ ಕ್ಯಾಪ್. ಅಂಕಿ 100ರಿಂದ 400ರೊಳಗೆ ಬರುತ್ತದೆ. ಕೊಬ್ಬು ಹೆಚ್ಚಿದಷ್ಟೂ ಅಂಕಿಯೂ ಹೆಚ್ಚು. ಇದು ಶೇಕಡಾವಾರು ಅಲ್ಲ. 300 ಬಂದರೆ ‘ಮೂವತ್ತು ಪರ್ಸೆಂಟ್ ಕೊಬ್ಬು’ ಎಂದು ವಿವರಿಸುವವರ ಮಾತನ್ನು ಅಲ್ಲಿಯೇ ಬಿಟ್ಟುಬಿಡಿ.

ಪರೀಕ್ಷೆಗೆ ಕನಿಷ್ಠ ಮೂರು ಗಂಟೆ ಮೊದಲಿನಿಂದ ಏನೂ ತಿಂದಿರಬಾರದು. ಊಟವಾದೊಡನೆ ಯಕೃತ್ತಿಗೆ ರಕ್ತದ ಹರಿವು ಹೆಚ್ಚುವುದರಿಂದ ಗಡಸುತನದ ಅಂಕಿ ಏರಿ ಕಾಣುತ್ತದೆ. ಗರ್ಭಿಣಿಯಾಗಿದ್ದರೆ, ಪೇಸ್‌ಮೇಕರ್ ಇದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಮೊದಲೇ ಹೇಳಬೇಕು. ಮಂಚದ ಮೇಲೆ ಅಂಗಾತ ಮಲಗಿ, ಪಕ್ಕೆಲುಬುಗಳ ನಡುವಿನ ಸಂದು ಅಗಲವಾಗಲೆಂದು ಬಲಗೈಯನ್ನು ತಲೆಯ ಹಿಂದಕ್ಕೆ ಚಾಚಬೇಕು. ತಂತ್ರಜ್ಞರು ಬಲ ಪಕ್ಕೆಗೆ ತಣ್ಣನೆಯ ಜೆಲ್ ಹಚ್ಚಿ, ಪ್ರೋಬನ್ನು ಎರಡು ಎಲುಬುಗಳ ನಡುವೆ ಚರ್ಮಕ್ಕೆ ನೇರವಾಗಿ ಒತ್ತಿ ಹಿಡಿಯುತ್ತಾರೆ. ಗುಂಡಿ ಒತ್ತಿದಾಗ ಬೆರಳಿನಿಂದ ಮೆಲ್ಲಗೆ ತಟ್ಟಿದಂಥ ಒಂದು ಪೆಟ್ಟು ಪಕ್ಕೆಗೆ ತಾಗುತ್ತದೆ. ಅದೇ ಗಡಸುತನ ಅಳೆಯುವ ಅಲೆ. ನೋವಿರುವುದಿಲ್ಲ. ಕನಿಷ್ಠ ಹತ್ತು ಸರಿಯಾದ ಅಳತೆಗಳು ಸಿಕ್ಕ ಮೇಲೆ ಯಂತ್ರ ಅವುಗಳ ನಡುವಣ ಅಂಕಿಯನ್ನು ತೋರಿಸುತ್ತದೆ. ಎಲ್ಲ ಹತ್ತು ನಿಮಿಷದೊಳಗಿನ ಕೆಲಸ.

ಕೈಗೆ ಬಂದ ಚೀಟಿಯಲ್ಲಿ ಅಂಕಿಗಿಂತ ಮೊದಲು ನೋಡಬೇಕಾದದ್ದು ಮೂರು. ಯಾವ ಪ್ರೋಬ್ ಬಳಸಿದರು ಎಂಬುದು ಒಂದು. ಚರ್ಮದಿಂದ ಯಕೃತ್ತಿಗೆ ಇರುವ ದೂರ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚಿರುವ ದಪ್ಪ ಮೈಯವರಿಗೆ ‘ಎಂ’ ಪ್ರೋಬ್ ಸಾಲದು, ‘ಎಕ್ಸ್‌ಎಲ್’ ಬೇಕು. ಕ್ಯಾಪ್ ಅಂಕಿಯ ಪಕ್ಕದಲ್ಲಿ ಐಕ್ಯೂಆರ್ ಎಂದು ಬರೆದಿರುವುದು ಹತ್ತು ಅಳತೆಗಳು ಎಷ್ಟು ಚೆದುರಿವೆ ಎಂಬುದನ್ನು ಹೇಳುತ್ತದೆ. ಅದು 40ಕ್ಕಿಂತ ಕಡಿಮೆ ಇದ್ದರೆ ಅಂಕಿಯನ್ನು ಹೆಚ್ಚು ನಂಬಬಹುದು. ಗಡಸುತನದ ಅಂಕಿಗಾದರೆ ಈ ಚೆದುರುವಿಕೆ ನಡುವಣ ಅಂಕಿಯ ಶೇಕಡಾ 30ನ್ನು ಮೀರಿರಬಾರದು. ಮೂರನೆಯದು, ಚೀಟಿಯ ಮೇಲೆ ಎಸ್1, ಎಸ್2, ಎಸ್3 ಎಂದು ಕೊಬ್ಬಿನ ದರ್ಜೆ ಬರೆದಿದ್ದರೆ ಯಾವ ಕೋಷ್ಟಕದ ಪ್ರಕಾರ ಬರೆದರು ಎಂಬುದು. ಇದನ್ನು ಯಾರೂ ಕೇಳುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಇದೇ.

ಕಾರಣ ಹೀಗಿದೆ. 2017ರಲ್ಲಿ ಪ್ರಕಟವಾದ, 2,735 ರೋಗಿಗಳ ದತ್ತಾಂಶವನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಮೂರು ದರ್ಜೆಗಳಿಗೆ ಕ್ರಮವಾಗಿ 248, 268, 280 ಎಂಬ ಗಡಿಗಳನ್ನು ಕೊಟ್ಟಿತು. ಅದರಲ್ಲಿದ್ದವರ ಪೈಕಿ ಹೆಚ್ಚಿನವರು ಹೆಪಟೈಟಿಸ್ ಬಿ ಮತ್ತು ಸಿ ರೋಗಿಗಳು. 2019ರಲ್ಲಿ ಬ್ರಿಟನ್ನಿನ ಏಳು ಆಸ್ಪತ್ರೆಗಳಲ್ಲಿ ಫ್ಯಾಟಿ ಲಿವರ್ ಶಂಕೆಯಿದ್ದವರನ್ನೇ ತೆಗೆದುಕೊಂಡು ನಡೆಸಿದ ಅಧ್ಯಯನ ಕೊಟ್ಟ ಗಡಿಗಳು 302, 331, 337. ನಮ್ಮ ಉದಾಹರಣೆಯ 45 ವರ್ಷದವರಿಗೆ ಕ್ಯಾಪ್ 296 ಬಂತೆನ್ನಿ. ಮೊದಲ ಕೋಷ್ಟಕದಲ್ಲಿ ಸೀದಾ ನೋಡಿದರೆ ಅವರದು ಮೂರನೇ ದರ್ಜೆ. ಎರಡನೆಯದರಲ್ಲಿ ನೋಡಿದರೆ ಮೊದಲ ದರ್ಜೆಯನ್ನೂ ಮುಟ್ಟಿಲ್ಲ. ಅದೂ ಅಲ್ಲದೆ, ಮೊದಲ ವಿಶ್ಲೇಷಣೆ ಮಾಡಿದವರೇ ಒಂದು ತಿದ್ದುಪಡಿಯನ್ನು ಹೇಳಿದ್ದಾರೆ: ಫ್ಯಾಟಿ ಲಿವರ್ ಇದ್ದರೆ 10, ಸಕ್ಕರೆ ಕಾಯಿಲೆಗೆ ಇನ್ನೂ 10, ಬಿಎಂಐ 25ಕ್ಕಿಂತ ಮೇಲಿನ ಪ್ರತಿ ಅಂಶಕ್ಕೆ 4.4 ಕಳೆಯಬೇಕು, ಇದು ಬಿಎಂಐ 20ರಿಂದ 30ರೊಳಗೆ ಇರುವವರಿಗೆ ಅನ್ವಯ. ಅದರಂತೆ 296ರಿಂದ 25 ಕಳೆದರೆ ಸುಮಾರು 271, ಎಂದರೆ ಎರಡನೇ ದರ್ಜೆ. ಒಂದೇ ಪಕ್ಕೆ, ಒಂದೇ ಪ್ರೋಬ್, ಒಂದೇ ಅಂಕಿ. ದರ್ಜೆ ಮಾತ್ರ ಮೂರು ಬಗೆ. ಹೀಗಾಗಿ ಫೈಲಿನಲ್ಲಿ ದರ್ಜೆಯನ್ನಲ್ಲ, 296 ಎಂಬ ಅಂಕಿಯನ್ನೇ ಬರೆದಿಟ್ಟುಕೊಳ್ಳಬೇಕು. ಯುರೋಪಿನ ಯಕೃತ್ ತಜ್ಞರ ಸಂಘ 2021ರ ಮಾರ್ಗಸೂಚಿಯಲ್ಲಿ ದರ್ಜೆಗಳ ಗೋಜಿಗೆ ಹೋಗದೆ, 275ಕ್ಕಿಂತ ಮೇಲಾದರೆ ಕೊಬ್ಬು ಇದೆಯೆಂದು ತಿಳಿಯಬಹುದು ಎಂದಿತು. ದಿನನಿತ್ಯದ ಬಳಕೆಗೆ ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ.

ಈಚಿನ ಕೆಲವು ಅಲ್ಟ್ರಾಸೌಂಡ್ ಯಂತ್ರಗಳಲ್ಲಿಯೂ ಇದೇ ಕ್ಷೀಣತೆಯನ್ನು ಅಳೆಯುವ ಸೌಲಭ್ಯವಿದ್ದು, ಚಿತ್ರ ನೋಡುತ್ತಲೇ ರಕ್ತನಾಳಗಳನ್ನು ಬಿಟ್ಟು ಜಾಗ ಆಯ್ದುಕೊಳ್ಳಬಹುದು. ಇವುಗಳ ಅಂಕಿ ಒಂದಕ್ಕಿಂತ ಕಡಿಮೆಯ ದಶಾಂಶದಲ್ಲಿ, ಸೆಂಟಿಮೀಟರಿಗೆ ಮತ್ತು ಮೆಗಾಹರ್ಟ್ಸಿಗೆ ಇಷ್ಟು ಡೆಸಿಬಲ್ ಎಂದು ಬರುತ್ತದೆ. ಪ್ರತಿ ಕಂಪನಿಯ ಗಡಿಯೂ ಬೇರೆ.

ಸಿಟಿ: ಇದ್ದರೆ ಓದಿ, ಇದಕ್ಕೆಂದೇ ಮಾಡಿಸಬೇಡಿ

ಬರಿಯ ಕೊಬ್ಬಿಗಾಗಿ ಸಿಟಿ ಮಾಡಿಸಿಕೊಂಡು ವಿಕಿರಣಕ್ಕೆ ಒಡ್ಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಆದರೆ ಮೂತ್ರಪಿಂಡದ ಕಲ್ಲಿಗೆಂದು ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲೆಂದು ಕೊಡುವ ಔಷಧ) ಇಲ್ಲದ ಸಿಟಿ ಈಗಾಗಲೇ ಆಗಿದ್ದರೆ ಅದರಲ್ಲಿ ಯಕೃತ್ತೂ ಗುಲ್ಮವೂ (ಸ್ಪ್ಲೀನ್) ಕಾಣುತ್ತವೆ. ಸಹಜ ಯಕೃತ್ತಿನ ಸಾಂದ್ರತೆ ಸುಮಾರು 50ರಿಂದ 65 ಹೌನ್ಸ್‌ಫೀಲ್ಡ್ ಅಂಶಗಳಷ್ಟಿದ್ದು, ಗುಲ್ಮಕ್ಕಿಂತ ತುಸು ಬೆಳ್ಳಗಿರುತ್ತದೆ. ಅದು 40ಕ್ಕಿಂತ ಕೆಳಗಿಳಿದು ಗುಲ್ಮಕ್ಕಿಂತ ಕಪ್ಪಾಗಿದ್ದರೆ ಕೊಬ್ಬು ಮಧ್ಯಮ ಅಥವಾ ತೀವ್ರ ಮಟ್ಟದ್ದು. ಅಲ್ಪ ಕೊಬ್ಬನ್ನು ಸಿಟಿ ಹಿಡಿಯಲಾರದು. ಕಾಂಟ್ರಾಸ್ಟ್ ಕೊಟ್ಟ ಮೇಲಿನ ಚಿತ್ರಕ್ಕೆ ಈ ಗಡಿಗಳು ಹೊಂದುವುದಿಲ್ಲ. ಯಕೃತ್ತಿನಲ್ಲಿ ಕಬ್ಬಿಣ ಶೇಖರವಾಗಿದ್ದರೆ ಅಥವಾ ಹೃದಯದ ಲಯಕ್ಕೆಂದು ಅಮಿಯೋಡರೋನ್ ಸೇವಿಸುತ್ತಿದ್ದರೆ ಸಾಂದ್ರತೆ ಏರಿ ಕೊಬ್ಬನ್ನು ಮರೆಮಾಡುತ್ತದೆ.

ಎಂಆರ್‌ಐ: ನಿಜವಾದ ಶೇಕಡಾವಾರು

ಕೊಬ್ಬಿನಲ್ಲಿರುವ ಮತ್ತು ನೀರಿನಲ್ಲಿರುವ ಹೈಡ್ರೋಜನ್ ಪ್ರೋಟಾನುಗಳು ಅಯಸ್ಕಾಂತದೊಳಗೆ ಸ್ವಲ್ಪವೇ ಬೇರೆಯಾದ ವೇಗದಲ್ಲಿ ತಿರುಗುತ್ತವೆ. 1.5 ಟೆಸ್ಲಾ ಯಂತ್ರದಲ್ಲಿ ಈ ಅಂತರ ಸೆಕೆಂಡಿಗೆ ಸುಮಾರು 220 ಸುತ್ತು. ಆದಕಾರಣ ಪ್ರತಿ 4.6 ಮಿಲಿಸೆಕೆಂಡಿಗೊಮ್ಮೆ ಎರಡರ ಸಂಕೇತಗಳು ಒಂದಾಗಿ ಬಲಗೊಳ್ಳುತ್ತವೆ, ನಡುವೆ 2.3ರಲ್ಲಿ ಒಂದನ್ನೊಂದು ಅಳಿಸುತ್ತವೆ. ಈ ಆಟವನ್ನು ಬಳಸಿ ಕೊಬ್ಬನ್ನೂ ನೀರನ್ನೂ ಬೇರ್ಪಡಿಸುವ ದಾರಿಯನ್ನು ತೋರಿಸಿದ್ದು 1984ರಲ್ಲಿ ಡಿಕ್ಸನ್ ಎಂಬ ಸಂಶೋಧಕರು. ಅದೇ ತತ್ತ್ವದ ಇಂದಿನ ರೂಪ ಪಿಡಿಎಫ್ಎಫ್: ಹಲವು ಹೊತ್ತುಗಳಲ್ಲಿ ಸಂಕೇತ ಹಿಡಿದು, ಕಬ್ಬಿಣದಿಂದಾಗುವ ದೋಷವನ್ನು ಕಳೆದು, ಒಟ್ಟು ಪ್ರೋಟಾನುಗಳಲ್ಲಿ ಕೊಬ್ಬಿನ ಪಾಲು ಎಷ್ಟೆಂದು ಶೇಕಡಾವಾರಿನಲ್ಲಿ ಕೊಡುತ್ತದೆ. ಕಾಂಟ್ರಾಸ್ಟ್ ಬೇಕಿಲ್ಲ, ಸುಮಾರು ಇಪ್ಪತ್ತು ಸೆಕೆಂಡು ಉಸಿರು ಹಿಡಿದರೆ ಇಡೀ ಯಕೃತ್ತು ಸಿಗುತ್ತದೆ.

ಮಾಡಿಸುವಾಗ ‘ಹೊಟ್ಟೆಯ ಎಂಆರ್‌ಐ’ ಎಂದಷ್ಟೇ ಬರೆಸಿಕೊಂಡು ಹೋದರೆ, ‘ಯಕೃತ್ತಿನಲ್ಲಿ ಕೊಬ್ಬಿನ ಅಂಶವಿದೆ’ ಎಂಬ ವಾಕ್ಯ ಮಾತ್ರ ಸಿಕ್ಕೀತು. ಪಿಡಿಎಫ್ಎಫ್ ಎಂದು ಹೆಸರಿಸಿಯೇ ಕೇಳಬೇಕು, ಆ ಕೇಂದ್ರದ ಯಂತ್ರದಲ್ಲಿ ಆ ತಂತ್ರಾಂಶ ಇದೆಯೇ ಎಂದು ಮೊದಲೇ ವಿಚಾರಿಸಬೇಕು, ವರದಿಯಲ್ಲಿ ಒಂದೇ ಜಾಗದ ಬದಲು ಯಕೃತ್ತಿನ ಬೇರೆ ಬೇರೆ ಭಾಗಗಳಲ್ಲಿ ಅಳೆದ ಸರಾಸರಿಯನ್ನು ಕೊಡಲು ಕೋರಬೇಕು. ಕಿವಿಯೊಳಗಿನ ಇಂಪ್ಲಾಂಟ್, ಹಳೆಯ ಪೇಸ್‌ಮೇಕರ್, ಕಣ್ಣಿನಲ್ಲಿ ಲೋಹದ ಚೂರು ಇದ್ದರೆ ಹೇಳದೆ ಒಳಗೆ ಹೋಗಬಾರದು.

ಈ ಶೇಕಡಾವಾರನ್ನು ಬಯಾಪ್ಸಿಯ ಶೇಕಡಾವಾರಿನೊಡನೆ ಬೆರೆಸಬಾರದು. ಅಲ್ಲಿ ಎಣಿಸುವುದು ಕೊಬ್ಬಿರುವ ಕೋಶಗಳನ್ನು, ಇಲ್ಲಿ ಕೊಬ್ಬನ್ನೇ. ಬಯಾಪ್ಸಿಯಲ್ಲಿ ಮೂರನೇ ಎರಡು ಭಾಗದಷ್ಟು ಕೋಶಗಳು ತುಂಬಿದ್ದರೂ ಪಿಡಿಎಫ್ಎಫ್ ಸುಮಾರು 22 ಇರಬಹುದು. 22 ಎಂದರೆ ಕಡಿಮೆಯಲ್ಲವೇ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅಮೆರಿಕದ ಡಲ್ಲಾಸಿನಲ್ಲಿ ಅಪಾಯದ ಅಂಶಗಳಿಲ್ಲದ 345 ಮಂದಿಯನ್ನು ಎಂಆರ್ ಯಂತ್ರದಲ್ಲೇ ಮಾಡುವ ಸ್ಪೆಕ್ಟ್ರೋಸ್ಕೋಪಿ ಎಂಬ ವಿಧಾನದಿಂದ ಅಳೆದಾಗ ನೂರಕ್ಕೆ 95 ಮಂದಿಯ ಕೊಬ್ಬು ಶೇಕಡಾ 5.56ರೊಳಗೆ ಇತ್ತು, ಸಹಜದ ಮೇಲ್ಮಿತಿಯೆಂದು ಇಂದು ಹೇಳುವ ಅಂಕಿ ಬಂದದ್ದು ಅಲ್ಲಿಂದ. ಮರುಪರೀಕ್ಷೆಯಲ್ಲಿ ಒಂದೆರಡು ಅಂಶಗಳ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಔಷಧ ಪ್ರಯೋಗಗಳಲ್ಲಿ ಅರ್ಥಪೂರ್ಣವೆಂದು ನೋಡುವುದು ಮೊದಲಿನ ಅಂಕಿಯ ಶೇಕಡಾ 30ರಷ್ಟು ಇಳಿತವನ್ನು; 18 ಇದ್ದದ್ದು 12.6ಕ್ಕೆ ಬಂದರೆ ಅದು ಇಳಿತ. ಇಷ್ಟೆಲ್ಲ ನಿಖರತೆ ಎಲ್ಲರಿಗೂ ಬೇಕೇ ಎಂದರೆ, ಬೇಡ. ಯಕೃತ್ ದಾನಕ್ಕೆ ಮುಂದಾದವರಿಗೆ, ಔಷಧ ಪ್ರಯೋಗದಲ್ಲಿರುವವರಿಗೆ, ಬೇರೆ ಅಳತೆಗಳು ಪರಸ್ಪರ ಹೊಂದದಿದ್ದಾಗ ಇದು ಖರ್ಚಿಗೆ ತಕ್ಕದ್ದು. ಉಳಿದವರಿಗೆ ಟೇಪು, ರಕ್ತದ ಚೀಟಿ ಮತ್ತು ಕ್ಯಾಪ್ ಸಾಕು.

ಮರಳಿ ಅಳೆಯುವಾಗ

ಮರುಪರೀಕ್ಷೆ ಅದೇ ವಿಧಾನದಲ್ಲಿ, ಸಾಧ್ಯವಾದರೆ ಅದೇ ಯಂತ್ರದಲ್ಲಿ, ಅದೇ ಪ್ರೋಬಿನಲ್ಲಿ, ಅಷ್ಟೇ ಹೊತ್ತಿನ ಉಪವಾಸದಲ್ಲಿ ಆಗಬೇಕು. ಪ್ರತಿ ಅಂಕಿಯ ಪಕ್ಕದಲ್ಲಿ ದಿನಾಂಕ, ಪ್ರೋಬು, ಐಕ್ಯೂಆರ್, ಆ ದಿನದ ತೂಕ, ಸೊಂಟದ ಅಳತೆ, ಆಗ ಸೇವಿಸುತ್ತಿದ್ದ ಔಷಧಗಳು ಇವನ್ನು ಬರೆದಿಡಬೇಕು. ಸ್ಟಿರಾಯ್ಡ್, ಟ್ಯಾಮಾಕ್ಸಿಫೆನ್, ಮೆಥೋಟ್ರೆಕ್ಸೇಟ್, ವಾಲ್ಪ್ರೋಯೇಟ್‌ಗಳಂಥವು ಯಕೃತ್ತಿನ ಕೊಬ್ಬನ್ನು ಹೆಚ್ಚಿಸಬಲ್ಲವು. ಮದ್ಯದ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಸೇರಿಸಬೇಕು. ದೇಹದ ತೂಕ ಶೇಕಡಾ 5ರಷ್ಟು ಇಳಿದರೂ ಯಕೃತ್ತಿನ ಕೊಬ್ಬು ಇಳಿಯತೊಡಗುತ್ತದೆ. ತೂಕ ಕದಲದಿದ್ದಾಗ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವುದರಿಂದ ಲ್ಯಾಬಿನವರಿಗಷ್ಟೇ ಲಾಭ.

ಇಷ್ಟೆಲ್ಲ ಅಳೆದ ಮೇಲೂ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಉಳಿಯುತ್ತದೆ: ಯಕೃತ್ತಿನಲ್ಲಿ ನಾರುಗಟ್ಟುವಿಕೆ, ಅಂದರೆ ಫೈಬ್ರೋಸಿಸ್, ಆರಂಭವಾಗಿದೆಯೇ? ಮುಂದೆ ಸಿರೋಸಿಸ್ (ಯಕೃತ್ತು ಪೂರ್ತಿ ನಾರುಗಟ್ಟಿದ ಸ್ಥಿತಿ) ಆಗುವ ಅಪಾಯವನ್ನು ಹೇಳುವುದು ಕೊಬ್ಬಿಗಿಂತ ಹೆಚ್ಚಾಗಿ ಅದು. ಇದಕ್ಕೆ ಮೊದಲ ಮೆಟ್ಟಿಲು ಫಿಬ್-4 ಎಂಬ ಲೆಕ್ಕ: ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವುಗಳ ಗುಣಲಬ್ಧದಿಂದ ಭಾಗಿಸಬೇಕು. ನಮ್ಮ ಲ್ಯಾಬುಗಳು ಪ್ಲೇಟ್‌ಲೆಟ್ಟನ್ನು ಲಕ್ಷದಲ್ಲಿ ಬರೆಯುವುದರಿಂದ ಇಲ್ಲಿ ಎಡವುವವರು ಬಹಳ, 2.1 ಲಕ್ಷವಿದ್ದರೆ ಸೂತ್ರದಲ್ಲಿ 210 ಎಂದು ಹಾಕಬೇಕು. ನಮ್ಮ ಉದಾಹರಣೆಯವರ ಪ್ಲೇಟ್‌ಲೆಟ್ ಅಷ್ಟಿದ್ದರೆ 45ನ್ನು 40ರಿಂದ ಗುಣಿಸಿ 1,800. 210ನ್ನು 62ರ ವರ್ಗಮೂಲವಾದ 7.87ರಿಂದ ಗುಣಿಸಿ ಸುಮಾರು 1,653, ಭಾಗಿಸಿದರೆ 1.09. ಇದು 1.3ಕ್ಕಿಂತ ಕಡಿಮೆ ಇರುವುದರಿಂದ ಮುಂದುವರಿದ ಫೈಬ್ರೋಸಿಸ್ ಇರುವ ಸಂಭವ ಕಡಿಮೆ. 2.67 ಮೀರಿದರೆ ತಜ್ಞರನ್ನು ಕಾಣಲೇಬೇಕು. 65 ದಾಟಿದವರಿಗೆ ಕೆಳಗಿನ ಗಡಿ 1.3ರ ಬದಲು 2. ಫೈಬ್ರೋಸ್ಕ್ಯಾನ್ ಚೀಟಿಯಲ್ಲಿ ಕ್ಯಾಪ್ ಪಕ್ಕದಲ್ಲೇ ಇರುವ, ಹೆಚ್ಚಿನವರು ಕಣ್ಣು ಹಾಯಿಸದ ಕಿಲೋಪಾಸ್ಕಲ್ ಅಂಕಿ 8ಕ್ಕಿಂತ ಕೆಳಗಿದ್ದರೆ ಅದೂ ಮುಂದುವರಿದ ಫೈಬ್ರೋಸಿಸ್ ಸಂಭವ ಕಡಿಮೆ ಎಂದೇ ಹೇಳುತ್ತದೆ.

ಕ್ಯಾಪ್ ಮತ್ತು ಗಡಸುತನದ ಅಂಕಿಗಳನ್ನು ಜೊತೆಯಾಗಿ ಓದದಿದ್ದರೆ ಆಗುವ ಎಡವಟ್ಟು ಒಂದಿದೆ. ಯಕೃತ್ತು ನಾರುಗಟ್ಟಿ ಸಿರೋಸಿಸ್‌ನತ್ತ ಸಾಗಿದಂತೆ ಅದರೊಳಗಿನ ಕೊಬ್ಬು ತಾನಾಗಿಯೇ ಕರಗಬಹುದು. ತೂಕ ಇಳಿಸದೆ, ಊಟ ಬದಲಿಸದೆ, ಕ್ಯಾಪ್ ಮಾತ್ರ 310ರಿಂದ 240ಕ್ಕೆ ಇಳಿದು, ಅದೇ ಚೀಟಿಯಲ್ಲಿ ಗಡಸುತನ 7ರಿಂದ 14 ಕಿಲೋಪಾಸ್ಕಲಿಗೆ ಏರಿ, ರಕ್ತದ ವರದಿಯಲ್ಲಿ ಪ್ಲೇಟ್‌ಲೆಟ್ 2.1 ಲಕ್ಷದಿಂದ 1.3 ಲಕ್ಷಕ್ಕೆ ಬಂದಿದ್ದರೆ, ಆ ವಾರವೇ ಹಳೆಯ ಮತ್ತು ಹೊಸ ಚೀಟಿಗಳೆರಡನ್ನೂ ತೆಗೆದುಕೊಂಡು ಯಕೃತ್ ತಜ್ಞರನ್ನು ಕಾಣಬೇಕು.